ಸೊಂಟದ ಹುಣ್ಣಿನ ಮೂಲ ಬೆನ್ನಿನಲ್ಲಿತ್ತು

ಆರು ವರ್ಷದ ಆ ಹುಡುಗನ ಸೊಂಟದ ಬದಿಯಲ್ಲಿದ್ದ ಊತ ಬಿಸಿಯಾಗಿರಲಿಲ್ಲ, ಕೆಂಪಾಗಿರಲಿಲ್ಲ, ಒತ್ತಿದರೂ ಅವನು ಅಳಲಿಲ್ಲ. ನನಗೆ ಅಲ್ಲಿಯೇ ಸಂಶಯ ಬರಬೇಕಿತ್ತು. ಸಾಮಾನ್ಯ ಕುರುವೆಂದು ತಿಳಿದು ಕೊಯ್ದು ಕೀವು ತೆಗೆದೆ. ಕ್ಷಯದಿಂದಾಗುವ ಇಂಥ ತಣ್ಣನೆಯ ಕೀವುಗಡ್ಡೆಯನ್ನು ಕೊಯ್ಯದೆ, ಪಕ್ಕದ ಒಳ್ಳೆಯ ಚರ್ಮದ ಮೂಲಕ ದಪ್ಪ ಸೂಜಿಯನ್ನು ಮೇಲಿನಿಂದ ಓರೆಯಾಗಿ ತೂರಿಸಿ ಕೀವನ್ನು ಎಳೆದುಕೊಳ್ಳಬೇಕು. ಕೊಯ್ದ ತಪ್ಪಿಗೆ ಗಾಯ ಮಾಯದೆ, ಅಂಚು ನೀಲಿಗಟ್ಟಿ, ತಿಂಗಳಾದರೂ ತೆಳ್ಳನೆಯ ಕೀವು ಒಸರುತ್ತಲೇ ಇತ್ತು.

ದಾರಿ ತೋರಿಸಿದವರು ಅವನ ಅಜ್ಜಿ. "ಹಗಲೆಲ್ಲ ಸುಮ್ನಿರ್ತಾನೆ ಡಾಕ್ಟ್ರೇ, ರಾತ್ರಿ ನಿದ್ದೇಲಿ ಕಿರುಚ್ಕೊಂಡು ಏಳ್ತಾನೆ. ದೃಷ್ಟಿನೂ ತೆಗೆದ್ವಿ" ಎಂದರು. ಬೆನ್ನುಮೂಳೆಗೆ ಕ್ಷಯ ತಗುಲಿದ ಮಗು ಎಚ್ಚರವಾಗಿರುವಾಗ ಬೆನ್ನಿನ ಸ್ನಾಯುಗಳು ಬಿಗಿದುಕೊಂಡು ನೋಯುವ ಜಾಗವನ್ನು ಅಲುಗದಂತೆ ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲಗೊಂಡಾಗ ಮಗು ಹೊರಳಿದೊಡನೆ ನೋವಿನಿಂದ ಚೀರುತ್ತದೆ. ನೆಲದ ಮೇಲೆ ಒಂದು ನಾಣ್ಯ ಹಾಕಿ ಎತ್ತಿಕೊಳ್ಳಲು ಹೇಳಿದೆ. ಅವನು ಬಾಗಲಿಲ್ಲ, ಒಂದು ಕೈಯನ್ನು ತೊಡೆಯ ಮೇಲೆ ಊರಿ, ಬೆನ್ನನ್ನು ನೆಟ್ಟಗೆ ಇಟ್ಟುಕೊಂಡೇ ಕುಕ್ಕರುಗಾಲಿನಲ್ಲಿ ಕುಳಿತು ಎತ್ತಿಕೊಂಡ. ನಾಣ್ಯ ಅವನ ಜೇಬಿಗೇ ಹೋಯಿತು.

ಎಂಆರ್‌ಐನಲ್ಲಿ ಬೆನ್ನಿನ ಕೆಳಭಾಗದ ಎರಡು ಮೂಳೆಗಳು ಸವೆದು, ಕೀವು ಸ್ನಾಯುಗಳ ಜಾಡು ಹಿಡಿದು ಸೊಂಟಕ್ಕೆ ಇಳಿದಿರುವುದು ಕಂಡಿತು. ಎದೆಯ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮಕ್ಕಳ ಮೂಳೆ ಮತ್ತು ಚರ್ಮದ ಕ್ಷಯದಲ್ಲಿ ರೋಗಾಣುಗಳು ವಿರಳವಾಗಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಕಾಣಿಸಲಿಲ್ಲವೆಂದು ಕೈಬಿಡುವಂತಿಲ್ಲ. ಹುಣ್ಣಿನ ಅಂಚಿನಿಂದ ಎರಡು ತುಣುಕು ತೆಗೆದು, ಬಯಾಪ್ಸಿಗೆ ಒಂದನ್ನು ಫಾರ್ಮಲಿನ್‌ನಲ್ಲಿ, ಕಲ್ಚರ್ (ರೋಗಾಣು ಬೆಳೆಸಿ ನೋಡುವುದು) ಮತ್ತು ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್‌ಗೆ ಇನ್ನೊಂದನ್ನು ಸಲೈನ್‌ನಲ್ಲಿ ಕಳುಹಿಸಿದೆ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತು, ಕಲ್ಚರಿನ ಆಸೆ ಬಿಟ್ಟಂತೆಯೇ. ಸಿಬಿನಾಟ್‌ನಲ್ಲಿ ಕ್ಷಯ ಖಚಿತವಾಯಿತು, ಅದರ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಪ್ರತಿರೋಧವಿರಲಿಲ್ಲ.

ಮೊದಲ 2 ತಿಂಗಳು ನಾಲ್ಕು ಔಷಧ, ಮುಂದಿನ 10 ತಿಂಗಳು ಪಿರಾಜಿನಮೈಡ್ ಬಿಟ್ಟು ಉಳಿದ ಮೂರು. ಆಗ ಅವನ ತೂಕ 14 ಕಿಲೋ, ಹಾಗಾಗಿ ನೀರಿನಲ್ಲಿ ಕರಗುವ ಸಂಯುಕ್ತ ಮಾತ್ರೆ ದಿನಕ್ಕೆ 3. ತೂಕ 16 ಮುಟ್ಟಿದಾಗ 4 ಮಾಡಬೇಕಾಯಿತು. ತೂಕಕ್ಕೆ ತಕ್ಕಂತೆ ಮಾತ್ರೆ ಏರಿಸಲು ಮರೆಯುವುದನ್ನು ನಾನು ಹಲವು ಕಡತಗಳಲ್ಲಿ ನೋಡಿದ್ದೇನೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ಮೊದಲ ದಿನವೇ ಹೇಳಿದ್ದೆ, ಇಲ್ಲದಿದ್ದರೆ ಅಜ್ಜಿ ಮಾತ್ರೆ ನಿಲ್ಲಿಸಿಬಿಡುತ್ತಿದ್ದರು. ಮನೆಯವರನ್ನೆಲ್ಲ ಪರೀಕ್ಷಿಸಿದಾಗ ಚಿಕ್ಕಪ್ಪನ ಕಫದಲ್ಲಿ ರೋಗಾಣು ಸಿಕ್ಕಿತು.

ಮೂರನೆಯ ತಿಂಗಳಿಗೆ ಹುಣ್ಣು ಮುಚ್ಚಿತು. ಆದರೆ ಸವೆದ ಮೂಳೆಗಳಿರುವ ಕಡೆ ಬೆಳೆಯುವ ಮಕ್ಕಳ ಬೆನ್ನು ರೋಗ ವಾಸಿಯಾದ ಮೇಲೂ ಬಾಗುತ್ತ ಹೋಗಬಹುದು. ಆದ್ದರಿಂದ ಅವನು ಈಗಲೂ ವರ್ಷಕ್ಕೊಮ್ಮೆ ಎಕ್ಸ್‌ರೇಗೆ ಬರುತ್ತಾನೆ. ಬಂದಾಗಲೆಲ್ಲ ನಾನು ಹೇಳುವ ಮೊದಲೇ ನಾಣ್ಯ ಕೇಳುತ್ತಾನೆ.