ಮನೆ ಹತ್ತಿರವೇ ಎರಡು ರಾತ್ರಿ: ಆರ್‌ವಿಯಲ್ಲಿ ಕ್ಯಾಂಪಿಂಗ್ ಹೀಗೆ ಮಾಡಿ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಆಗಸ್ಟ್ ಮಧ್ಯಕ್ಕೇ ಶಾಲೆ ಶುರುವಾಗಿಬಿಡುತ್ತದೆ. ಬೇಸಿಗೆ ಮುಗಿದೇ ಹೋಯಿತು ಅಂತ ಮಕ್ಕಳ ಮುಖ ಬಾಡುತ್ತದೆ. ಆದರೆ ಇಲ್ಲಿನ ಕಡಲ ತೀರಕ್ಕೆ ಒಳ್ಳೆಯ ಬಿಸಿಲು ಬರುವುದೇ ಸೆಪ್ಟೆಂಬರಿನಲ್ಲಿ. ಜೂನ್, ಜುಲೈನಲ್ಲಿ ಕವಿದಿರುವ ಮಂಜು ಆಗ ಕಡಿಮೆಯಾಗುತ್ತದೆ. ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ರಜೆ ಕಳೆದ ಮೇಲೆ ಜನರೂ ಜಾಸ್ತಿ ಇರುವುದಿಲ್ಲ. ಊರಿಂದ ಅಪ್ಪ-ಅಮ್ಮ ಬಂದಿದ್ದರೆ ಆರ್‌ವಿಯೇ ಸರಿ, ಅಂದರೆ ಒಳಗೇ ವಾಸ ಮಾಡಬಹುದಾದ ದೊಡ್ಡ ಗಾಡಿ. ಟೆಂಟಿನಲ್ಲಿ ನೆಲದ ಮೇಲೆ ಮಲಗಲಾಗದವರಿಗೆ ಅದರಲ್ಲಿ ಹಾಸಿಗೆ, ಟಾಯ್ಲೆಟ್, ಒಲೆ ಎಲ್ಲ ಇರುತ್ತದೆ.

ಮೊದಲು ಜಾಗ, ಆಮೇಲೆ ಗಾಡಿ. ಮನೆಯಿಂದ ಒಂದೂವರೆ ಗಂಟೆಗಿಂತ ದೂರ ಬೇಡ. ಶುಕ್ರವಾರ ಕೆಲಸ ಮುಗಿಸಿ ಹೊರಟರೂ ಕತ್ತಲಾಗುವ ಮೊದಲು ತಲುಪಬೇಕು. ನಮ್ಮ ಮನೆಯವರ ಆಯ್ಕೆ ಹಾಫ್ ಮೂನ್ ಬೇ ಸ್ಟೇಟ್ ಬೀಚ್. ಕ್ಯಾಂಪ್‌ಗ್ರೌಂಡ್ ಸಮುದ್ರದ ಪಕ್ಕದಲ್ಲೇ ಇದೆ. ಅಲ್ಲಿಂದ ದಡದುದ್ದಕ್ಕೂ ಹೋಗುವ ಕೋಸ್ಟಲ್ ಟ್ರೇಲ್‌ನಲ್ಲಿ ಮಕ್ಕಳು ಸೈಕಲ್ ಹೊಡೆಯಬಹುದು, ಅಜ್ಜ-ಅಜ್ಜಿ ನಿಧಾನಕ್ಕೆ ನಡೆಯಬಹುದು. ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್‌ಗಳ ಬುಕಿಂಗ್ 6 ತಿಂಗಳು ಮೊದಲೇ ತೆರೆಯುತ್ತದೆ. ತಡವಾಯಿತು ಅಂತ ಬಿಡಬೇಡಿ, ರದ್ದಾದ ಸೈಟುಗಳು (ಗಾಡಿ ನಿಲ್ಲಿಸಿ ತಂಗುವ ಜಾಗಗಳು) ಆಗಾಗ ಸಿಗುತ್ತವೆ. ಪ್ರತಿ ಸೈಟಿಗೂ ಎಷ್ಟು ಅಡಿ ಉದ್ದದ ಗಾಡಿ ಹಿಡಿಸುತ್ತದೆ ಅಂತ ಬರೆದಿರುತ್ತಾರೆ. ಅದನ್ನು ನೋಡಿಯೇ ಗಾಡಿ ಬಾಡಿಗೆಗೆ ತೆಗೆದುಕೊಳ್ಳಿ. ಮೊದಲ ಸಲಕ್ಕೆ 25 ಅಡಿ ಸಾಕು. ಮಾಮೂಲಿ ಲೈಸೆನ್ಸಿನಲ್ಲೇ ಓಡಿಸಬಹುದು. ಗಾಡಿಯ ಎತ್ತರ ಎಷ್ಟು ಅಂತ ಕೇಳಿ, ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿಕೊಳ್ಳಿ. ಪೆಟ್ರೋಲ್ ಬಂಕಿನ ಚಾವಣಿ, ಮರದ ಕೊಂಬೆ ಎದುರಾದಾಗ ಅದು ಬೇಕಾಗುತ್ತದೆ.

ಅಡುಗೆಯ ಅರ್ಧ ಕೆಲಸ ಮನೆಯಲ್ಲೇ ಮುಗಿಸಿ. ಚಿತ್ರಾನ್ನದ ಗೊಜ್ಜು, ಚಟ್ನಿಪುಡಿ, ಚಪಾತಿ, ಹೆಪ್ಪು ಹಾಕಿದ ಮೊಸರು ಇದ್ದರೆ ಎರಡು ದಿನ ಆರಾಮಾಗಿ ಕಳೆಯುತ್ತದೆ. ಬೆಳಿಗ್ಗೆ ಅವಲಕ್ಕಿ ಒಗ್ಗರಣೆ ಹತ್ತು ನಿಮಿಷದ ಕೆಲಸ. ಸಂಜೆ ಬೆಂಕಿಗೆ ಜೋಳ ಸುಟ್ಟು, ಖಾರದಪುಡಿ ಹಚ್ಚಿ, ನಿಂಬೆಹಣ್ಣು ಹಿಂಡಿ ಕೊಡಿ, ದೊಡ್ಡವರೂ ಮಕ್ಕಳಾಗುತ್ತಾರೆ. ಸೌದೆ ಮಾತ್ರ ಮನೆಯಿಂದ ಒಯ್ಯಬೇಡಿ. ಅದರೊಳಗೆ ಇರುವ ಹುಳ ಅಲ್ಲಿನ ಮರಗಳಿಗೆ ಹರಡುತ್ತದೆ. ಅಲ್ಲೇ ಕೊಂಡು ಅಲ್ಲೇ ಉರಿಸಿ. ಬೇಸಿಗೆಯ ಕೊನೆಗೆ ಎಲ್ಲ ಒಣಗಿರುವುದರಿಂದ ಬೆಂಕಿ ಹಾಕಲು ಅನುಮತಿ ಇದೆಯಾ ಅಂತಲೂ ಕೇಳಿಕೊಳ್ಳಿ.

ಗಾಡಿಯ ಫ್ರಿಜ್ಜನ್ನು ಹಿಂದಿನ ದಿನವೇ ಆನ್ ಮಾಡಿಡಿ, ತಣ್ಣಗಾಗಲು ಅದಕ್ಕೆ ಸಮಯ ಬೇಕು. ಹೊರಡುವಾಗ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಕಪಾಟುಗಳ ಚಿಲಕ ಹಾಕಿ.

ತಲುಪಿದ ಮೇಲೆ ಮೊದಲು ಗಾಡಿ ಸಮತಟ್ಟು ಮಾಡಬೇಕು. ತಗ್ಗಿರುವ ಕಡೆ ಚಕ್ರದ ಕೆಳಗೆ ಹಲಗೆ ಕೊಡಿ. ಆಮೇಲೆ ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡವಾಗಿ ಮರದ ತುಂಡು ಇಡಿ. ಇಷ್ಟಾದ ಮೇಲೆ ಕರೆಂಟ್. ಎಲ್ಲ ಸೈಟಿನಲ್ಲೂ ಕರೆಂಟ್ ಇರುವುದಿಲ್ಲ, ಬುಕ್ ಮಾಡುವಾಗಲೇ ನೋಡಿ. ಸೈಟಿನ ಕರೆಂಟ್ 30 ಆಂಪ್ ಅಂದರೆ ಒಂದೇ ಸಲಕ್ಕೆ ಬಳಸಬಹುದಾದದ್ದು ಒಟ್ಟು ಸುಮಾರು 3,600 ವ್ಯಾಟ್. ಮೊದಲ ರಾತ್ರಿ ಚಳಿ ಅಂತ ನಾವು ಹೀಟರ್ ಹಾಕಿದ್ದೆವು. ಅನ್ನಕ್ಕೆ ಕರೆಂಟ್ ಕುಕ್ಕರ್ ಇಟ್ಟು, ಮೈಕ್ರೋವೇವ್ ಕೂಡ ಶುರು ಮಾಡಿದ ತಕ್ಷಣ ಎಲ್ಲ ಆರಿಹೋಯಿತು. ಅಮ್ಮ ಕತ್ತಲಲ್ಲಿ ಗಾಬರಿಯಾದರು. ಅಂದಿನಿಂದ ಒಂದು ಸಲಕ್ಕೆ ಒಂದೇ ದೊಡ್ಡ ಯಂತ್ರ. ಜನರೇಟರ್ ಇದ್ದರೆ ಸ್ಟೇಟ್ ಪಾರ್ಕ್‌ನಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಓಡಿಸಬಹುದು.

ಶನಿವಾರಕ್ಕೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಪಕ್ಕದ ಊರು, ಇನ್ನೊಂದು ಬೀಚು ಅಂತ ಹೊರಟರೆ ಕಟ್ಟಿದ್ದೆಲ್ಲ ಬಿಚ್ಚಿ ಗಾಡಿ ತೆಗೆಯಬೇಕು, ಇಡೀ ದಿನ ಅದರಲ್ಲೇ ಹೋಗುತ್ತದೆ. ಕುರ್ಚಿ ಹಾಕಿ ಸುಮ್ನೆ ಕೂತುಬಿಡಿ. ಎಷ್ಟು ವರ್ಷವಾಯಿತು ಅಪ್ಪನ ಜೊತೆ ಎರಡು ಗಂಟೆ ಮಾತಾಡಿ, ಅಲ್ವಾ? ಮಕ್ಕಳು ಮರಳಲ್ಲಿ ಆಡಲಿ, ಆದರೆ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಇಲ್ಲಿನ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಅಲೆ ಇದ್ದಕ್ಕಿದ್ದಂತೆ ಎಳೆದುಕೊಳ್ಳುತ್ತದೆ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬಾರದು.

ಭಾನುವಾರ ಹೊರಡುವ ಮೊದಲು ಗಾಡಿಯ ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವ ಕೆಲಸ. ಜನ ಇದಕ್ಕೇ ಹೆದರುವುದು. ಅದನ್ನು ಸುರಿಯಲೆಂದೇ ಇರುವ ಡಂಪ್ ಸ್ಟೇಷನ್ನಿನಲ್ಲಿ ಗ್ಲೌಸ್ ಹಾಕಿಕೊಂಡು ದಪ್ಪ ಪೈಪನ್ನು ಬಿಗಿಯಾಗಿ ಜೋಡಿಸಿ. ಮೊದಲು ಟಾಯ್ಲೆಟ್ಟಿನ ಟ್ಯಾಂಕ್ ತೆರೆದು ಪೂರ್ತಿ ಬಿಡಿ, ಮುಚ್ಚಿ. ಆಮೇಲೆ ಸಿಂಕ್, ಸ್ನಾನದ ನೀರಿನ ಟ್ಯಾಂಕ್ ತೆರೆಯಿರಿ. ಆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ಈ ಕ್ರಮ ತಿರುಗಿಸಬೇಡಿ. ಕುಡಿಯುವ ನೀರಿನ ಪೈಪನ್ನು ಇದರ ಹತ್ತಿರಕ್ಕೂ ತರಬೇಡಿ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಕೈ ತೊಳೆದು, ಉಳಿದ ಮೊಸರನ್ನ ತಿಂದು ಹೊರಟರೆ ಮಧ್ಯಾಹ್ನ ಕಳೆಯುವುದರೊಳಗೆ ಮನೆ.