ಹಿತಾಸಕ್ತಿಗೊಂದು ಖಾತೆ ಪುಸ್ತಕ: ನನ್ನ ಅನುಭವ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಡೌನಿ ಎಂಬ ಬೂಜು ರೋಗದ ಮೇಲೆ ನಾವು ನಡೆಸಿದ ಪ್ರಯೋಗದ ಪ್ರಬಂಧ ಈ ಸಲ ಮೊದಲ ಸುತ್ತಿನಲ್ಲಿಯೇ ಅಂಗೀಕಾರವಾಯಿತು. ಬೆಳೆಗೆ ಸಿಂಪಡಿಸುವ ಔಷಧದ ಕಂಪನಿಯಿಂದ ಪಡೆದದ್ದನ್ನೆಲ್ಲ ಅದರ ಕೊನೆಯಲ್ಲಿ ಒಂಬತ್ತು ಸಾಲುಗಳಲ್ಲಿ ಬರೆದಿದ್ದೆ. ‘ಇಷ್ಟೆಲ್ಲ ಹೇಳಿಕೊಂಡರೆ ನಿಮ್ಮ ಫಲಿತಾಂಶವನ್ನು ಯಾರು ನಂಬುತ್ತಾರೆ’ ಎಂದಿದ್ದ ಸಹೋದ್ಯೋಗಿಗಳೇ ಈಗ ಅದನ್ನೆಲ್ಲ ಬರೆದಿಡುವ ನನ್ನ ಖಾತೆ ಪುಸ್ತಕದ ನಮೂನೆ ಕೇಳುತ್ತಿದ್ದಾರೆ.

ಐದಾರು ವರ್ಷಗಳ ಹಿಂದೆ ನಾನೂ ‘ಹಿತಾಸಕ್ತಿ ಸಂಘರ್ಷವಿಲ್ಲ’, ಅಂದರೆ ಫಲಿತಾಂಶವನ್ನು ವಾಲಿಸಬಲ್ಲ ಹಣ, ನಂಟು ಯಾವುದೂ ಇಲ್ಲ, ಎಂದು ಒಂದೇ ಸಾಲು ಬರೆದು ಕಳಿಸಿದವನು. ಪುಕ್ಕಟೆ ಬಂದ ಸುಮಾರು ನಲವತ್ತು ಸಾವಿರ ರೂಪಾಯಿಯ ಔಷಧ, ಪುಣೆಯ ಕಾರ್ಯಾಗಾರಕ್ಕೆ ಕಂಪನಿ ಭರಿಸಿದ ಹನ್ನೊಂದೋ ಹನ್ನೆರಡೋ ಸಾವಿರ, ರೈತರ ಸಭೆಯಲ್ಲಿ ಮಾತನಾಡಿದ್ದಕ್ಕೆ ಕೊಟ್ಟ ಐದು ಸಾವಿರ, ಇವು ಯಾವುವೂ ಆಗ ನೆನಪಿಗೇ ಬರಲಿಲ್ಲ. ಕಂಪನಿಯ ಬ್ಯಾನರಿನ ಮುಂದೆ ನನಗೆ ಶಾಲು ಹೊದಿಸಿದ ಫೋಟೋವನ್ನು ಯಾರೋ ಓದುಗರು ಸಂಪಾದಕರಿಗೆ ಕಳಿಸಿದರು. ತಿದ್ದುಪಡಿ ಅಚ್ಚಾಗಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಯೋಜನೆಯ ಒಂದೂವರೆ ಲಕ್ಷದ ಕಂತು ತಡೆಹಿಡಿಯಲ್ಪಟ್ಟು, ಒಂದು ಹಂಗಾಮಿನ ಪ್ರಯೋಗವೇ ಕೈತಪ್ಪಿತು. ಆ ನಷ್ಟ ಇಂದಿಗೂ ನನಗೆ ನೋಯುತ್ತದೆ.

ಆಮೇಲೆ ಅಂಗಡಿಯ ಕಿರ್ದಿಯಂಥದೊಂದು ಪುಸ್ತಕ ಇಟ್ಟೆ. ವೈದ್ಯಕೀಯ ಪತ್ರಿಕೆಗಳಿಗೆಂದು ಅವುಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ (ಐಸಿಎಂಜೆಇ) ಮಾಡಿದ ನಮೂನೆಯನ್ನೇ ಎರವಲು ಪಡೆದೆ. ಅದು ಹಿಂದಿನ 36 ತಿಂಗಳ ಗೌರವಧನ, ಪ್ರಯಾಣ, ಷೇರು, ಪೇಟೆಂಟು, ಸಲಕರಣೆ ಎಲ್ಲವನ್ನೂ ಕೇಳುತ್ತದೆ, ಪ್ರಸ್ತುತ ಪ್ರಬಂಧಕ್ಕೆ ಬಂದ ನೆರವಿಗಂತೂ ಕಾಲಮಿತಿಯೇ ಇಲ್ಲ. ಬಂದ ದಿನವೇ ದಿನಾಂಕ, ಕೊಟ್ಟವರು, ಅಂದಾಜು ಬೆಲೆ ಬರೆಯಬೇಕು. ತಿಂಗಳ ಕೊನೆಗೆ ಬರೆಯುತ್ತೇನೆಂದು ಮೊದಲ ವರ್ಷ ನಾನು ಅರ್ಧದಷ್ಟನ್ನು ಕಳೆದುಕೊಂಡೆ. ಭಾವನ ಔಷಧದ ಅಂಗಡಿಯನ್ನೂ ಬರೆದೆ. ಮನೆಯಲ್ಲಿ ಸ್ವಲ್ಪ ಮುನಿಸಾಯಿತು, ಆದರೆ ನಾವು ಶಿಫಾರಸು ಮಾಡಿದ ಔಷಧ ಅಲ್ಲಿಯೇ ಮಾರಾಟವಾಗುತ್ತದೆ.

ನಡುವೆ ಇನ್ನೊಂದನ್ನು ಪರೀಕ್ಷಿಸಿದೆ. ಏಳು ಸಹಲೇಖಕರಿಗೆ ಇಮೇಲ್‌ನಲ್ಲಿ ಕೇಳಿದಾಗ ಏಳೂ ಜನ ‘ಏನೂ ಇಲ್ಲ’ ಎಂದರು. ಅವರನ್ನೇ ಫೋನಿನಲ್ಲಿ ಒಂದೊಂದೇ ಬಾಬತ್ತು ಹಿಡಿದು ಕೇಳಿದಾಗ ನಾಲ್ವರಲ್ಲಿ ಏನಾದರೊಂದು ಸಿಕ್ಕಿತು. ಯಾರಿಗೂ ಮರೆಮಾಚುವ ಉದ್ದೇಶವಿರಲಿಲ್ಲ, ಪ್ರಶ್ನೆಯೇ ಅಸ್ಪಷ್ಟವಾಗಿತ್ತು. ಹಿರಿಯರಿಗೆ ಮುಜುಗರವಾಗದಂತೆ ಕೇಳುವ ಕ್ರಮವೊಂದು ನನಗೆ ಒಗ್ಗಿದೆ. ಅದರ ಒಕ್ಕಣೆಯನ್ನು ಸದ್ಯ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಪ್ರಬಂಧದ ಕರಡಿಗಿಂತ ಮೊದಲೇ ಕೇಳಬೇಕು ಎಂಬುದನ್ನು ಮಾತ್ರ ಹೇಳಬಲ್ಲೆ.

ಅಕ್ಟೋಬರ್ ಚಾಟ್ನಿಯ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ, ಹೊತ್ತಿಗೆ ಮತ್ತೊಂದು ಕಂಪನಿಯವರು ಎರಡು ಲೀಟರ್ ಔಷಧ ಇಟ್ಟುಹೋದರು. ಅವರ ಗಾಡಿ ಗೇಟು ದಾಟುವ ಮೊದಲೇ ಅದು ಪುಸ್ತಕಕ್ಕೆ ಏರಿತ್ತು.