ಮೂರು ಹಳೆಯ ಕಂಪ್ಯೂಟರ್‌ಗಳಿಗೆ ಶ್ರುತಿ ಕೂಡಿಸಿದ್ದು

ಸ್ಪೆಕ್ಟ್ರಮ್, ಬಿಬಿಸಿ ಮೈಕ್ರೊ, ಕಮೊಡೋರ್ 64 ಇವುಗಳನ್ನು ಹೋಲಿಸುವವರು ಮೆಮೊರಿ, ವೇಗ, ಬಣ್ಣಗಳ ಲೆಕ್ಕ ಹಾಕುತ್ತಾರೆ. ನಾನು ವೀಣೆ ಕಲಿತವಳು. ಮೂರನ್ನೂ ಮೇಜಿನ ಮೇಲಿಟ್ಟು ಷಡ್ಜ, ಅಂತರ ಗಾಂಧಾರ, ಪಂಚಮ ನುಡಿಸಿ ನೋಡಿದೆ.

1982ರ ಸ್ಪೆಕ್ಟ್ರಮ್ ಅತಿ ಸರಳ. ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ‘ಬೀಪ್ 1, 0’ ಎಂದರೆ ಸಾಕು, ಒಂದು ಸೆಕೆಂಡ್ ಕಾಲ ಒಂದು ಮನೆ ಶ್ರುತಿಯ ಷಡ್ಜ ಕೇಳುತ್ತದೆ. ಎರಡನೆಯ ಅಂಕಿ ಷಡ್ಜದಿಂದ ಎಷ್ಟು ಮನೆ ಮೇಲೆ ಎಂಬ ಲೆಕ್ಕ: ಪಂಚಮಕ್ಕೆ 7. ಹಾರ್ಮೋನಿಯಂನ ಗಾಂಧಾರಕ್ಕೆ 4. ಆದರೆ ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರ ಅದಕ್ಕಿಂತ ಕೊಂಚ ಕೆಳಗಿದೆ. 3.86 ಎಂದು ಬರೆದೆ, ಸ್ಪೆಕ್ಟ್ರಮ್ ಒಪ್ಪಿಕೊಂಡಿತು! ಭಾರತೀಯ ಸಂಗೀತಕ್ಕೆ ಇಂಥ ಸೂಕ್ಷ್ಮ ಅಂತರಗಳು ಬೇಕಾಗುತ್ತವೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಅದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಂದೇ ಕೊರತೆ: ಒಮ್ಮೆಗೆ ಒಂದೇ ಸ್ವರ, ಅದು ಮುಗಿಯುವವರೆಗೆ ಪ್ರೋಗ್ರಾಂ ಕೂಡ ನಿಂತೇ ಇರುತ್ತದೆ.

1981ರ ಬಿಬಿಸಿ ಮೈಕ್ರೊ ನಮ್ಮ ದೇಶದ ಶಾಲೆಗಳಿಗೆ 1984ರ ‘ಕ್ಲಾಸ್’ ಯೋಜನೆಯಲ್ಲಿ ಬಂದ ಯಂತ್ರ. ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ, ಪ್ರೋಗ್ರಾಂ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಷಡ್ಜಕ್ಕೆ 53, ಪಂಚಮಕ್ಕೆ 81. ಗಾಂಧಾರದಲ್ಲಿ ಮಾತ್ರ ಸಿಕ್ಕಿಕೊಂಡೆ. ಎರಡು ಪಕ್ಕದ ಮನೆಗಳ ನಡುವೆ ಅದಕ್ಕಿರುವುದು ನಾಲ್ಕೇ ಮೆಟ್ಟಿಲು. 68 ಇಳಿಯಿತು, 69 ಏರಿತು. ಬೇಕಾದದ್ದು ನಡುವೆ ಉಳಿಯಿತು.

ಹೆಚ್ಚು ದಿನ ತೆಗೆದುಕೊಂಡದ್ದು ಕಮೊಡೋರ್. ಅದರ ಬೇಸಿಕ್‌ನಲ್ಲಿ ನಾದಕ್ಕೆಂದು ಒಂದು ಆಜ್ಞೆಯೂ ಇಲ್ಲ. ಮೆಮೊರಿಯಲ್ಲಿ 54272ರಿಂದ ಮುಂದಿನ ವಿಳಾಸಗಳಿಗೆ ಒಂದೊಂದೇ ಅಂಕಿಯನ್ನು ‘ಪೋಕ್’ ಆಜ್ಞೆಯಿಂದ ತುಂಬಬೇಕು. ಪುಸ್ತಕವೊಂದರಲ್ಲಿದ್ದ 16 ಮತ್ತು 195ನ್ನು ಹಾಕಿದೆ; ಷಡ್ಜ ಅರ್ಧ ಮನೆಗಿಂತಲೂ ಹೆಚ್ಚು ಇಳಿದಿತ್ತು. ಚಿಪ್ ಕೆಟ್ಟಿದೆ ಎಂದುಕೊಂಡು ಎರಡು ಸಂಜೆ ಕಳೆದೆ. ಕೊನೆಗೆ ತಿಳಿಯಿತು, ಆ ಅಂಕಿಗಳು ಅಮೆರಿಕದ ಟಿವಿಗಾಗಿ ಮಾಡಿದ ಯಂತ್ರದವು. ನನ್ನದು ಭಾರತ, ಯುರೋಪುಗಳ ಟಿವಿ ಪದ್ಧತಿಯಾದ ಪಾಲ್ ಮಾದರಿ, ಅದರ ಗಡಿಯಾರ ತುಸು ನಿಧಾನ. 17 ಮತ್ತು 103 ಹಾಕಿದೊಡನೆ ಶ್ರುತಿ ಕೂಡಿತು.

ಆಮೇಲೆ ಎಲ್ಲವೂ ಬರಿಯ ಗುಣಾಕಾರ. 17ನ್ನು 256ರಿಂದ ಗುಣಿಸಿ 103 ಕೂಡಿಸಿದರೆ 4455. ಪಂಚಮ ಅದರ ಒಂದೂವರೆ ಪಟ್ಟು: 26, 26. ಗಾಂಧಾರ ಒಂದೂಕಾಲು ಪಟ್ಟು: 21, 193. ಮೆಟ್ಟಿಲುಗಳು ಎಷ್ಟು ಸಣ್ಣವೆಂದರೆ ಕಿವಿಗೆ ತಪ್ಪೇ ತಿಳಿಯದು. ಜೊತೆಗೆ ನಾದ ಹೇಗೆ ಏರಬೇಕು, ಹೇಗೆ ಆರಬೇಕು ಎಂಬುದನ್ನೂ ಅದರ ನಾದದ ಚಿಪ್ ಆದ ಸಿಡ್‌ಗೆ ಹೇಳಬಹುದು. ತಟ್ಟನೆ ಎದ್ದು ನಿಧಾನವಾಗಿ ಆರುವಂತೆ ಮಾಡಿ, ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ ಎಂದು ತಂಬೂರಿಯಂತೆ ಸುತ್ತು ಹಾಕಿಸಿದೆ. ಅದಕ್ಕೆ ಸೇರಿಸಿ ವೀಣೆಯ ಸಾರಣಿ ತಂತಿಯ ಬಿರಡೆ ತಿರುವಿದೆ.